ಇಲ್ಲ ಎಂದು ಬರೆಸಿದ ಬೀಡಿ

ಆಗ ನನಗೆ ಐವತ್ತೊಂದು. ಇದು ನಡೆದು ಹದಿಮೂರು ವರ್ಷವಾಯಿತು.

ಬಾಯಿಯ ಮೇಲ್ಗಡೆ, ಅಂಗುಳದಲ್ಲಿ, ನನಗೆ ಕ್ಯಾನ್ಸರ್ ಆಗಿತ್ತು. ಕೊಯ್ದು ತೆಗೆದರು. ಬದುಕಿದ್ದೀನಿ. ನಾನು ಅಕ್ಷರ ಕಲಿತದ್ದು ಅದೆಲ್ಲಾ ಮುಗಿದ ಮೇಲೆ, ನಮ್ಮ ಬೀದಿಯ ಸಂಜೆ ಕ್ಲಾಸಿನಲ್ಲಿ. ದೊಡ್ಡ ಮಾತು ಬರೆಯಲು ಬರುವುದಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಕೂತಿರುವ ಹೆಂಗಸರು ಓದಲಿ, ಓದಲು ಬಾರದವರಿಗೆ ಯಾರಾದರೂ ಓದಿ ಹೇಳಲಿ ಅಂತ ಬರೆಯುತ್ತಿದ್ದೀನಿ. ಖಾಯಿಲೆ ವಿಚಾರ ಡಾಕ್ಟರು ಹೇಳುತ್ತಾರೆ. ನಾನು ಆಡಿದ ಸುಳ್ಳನ್ನು ನಾನೇ ಹೇಳಬೇಕು.

ಚಿಂತಾಮಣಿಯಿಂದ ಸ್ವಲ್ಪ ಆಚೆಗೆ ವಿಶ್ವವಿದ್ಯಾಲಯದ್ದೊಂದು ಕೇಂದ್ರ ಇತ್ತು. ಅಲ್ಲಿ ನಾನು ಆಯಾ. ಕಸ ಗುಡಿಸುವುದು, ಲ್ಯಾಬಿನ ಗಾಜಿನ ಸಾಮಾನು ತೊಳೆಯುವುದು, ಮೀಟಿಂಗ್ ದಿನ ಟೀ ಕೊಡುವುದು. ಒಂದು ದಿನ ಬೆಂಗಳೂರಿಂದ ಅದೇ ವಿಶ್ವವಿದ್ಯಾಲಯದವರು ವ್ಯಾನಿನಲ್ಲಿ ಬಂದರು. ಕೆಲಸಗಾರರಲ್ಲಿ ಯಾರು ಯಾರು ಬೀಡಿ ಸಿಗರೇಟು ಸೇದುತ್ತಾರೆ, ಯಾರು ಸೇದುವುದಿಲ್ಲ ಅಂತ ಬರೆದುಕೊಂಡು ಎಲ್ಲರ ರಕ್ತ ತೆಗೆಯಬೇಕು ಅಂದರು. ವರಾಂಡದಲ್ಲಿ ಮೇಜು ಹಾಕಿದರು. ಬರೆದುಕೊಳ್ಳುತ್ತಿದ್ದವಳು ಉಷಾ ಅಂತ ಒಬ್ಬಳು ಹುಡುಗಿ. ಇಪ್ಪತ್ತೈದೋ ಇಪ್ಪತ್ತಾರೋ ಇರಬೇಕು. ಎಲ್ಲರೂ ಅವಳನ್ನು ಮೇಡಂ ಅನ್ನುತ್ತಿದ್ದರು, ಅವಳು ಎಲ್ಲರನ್ನೂ ನೀವು ಅನ್ನುತ್ತಿದ್ದಳು. ನನಗೆ ಅಲ್ಲಿ ನೀವು ಅಂದವಳು ಅವಳೊಬ್ಬಳೇ.

ನನ್ನ ಮುಂದೆ ನಿಂತಿದ್ದವನು ಅಟೆಂಡರ್ ರಾಮಾಂಜಿ. ಟಪಾಲು ನೋಡಿಕೊಳ್ಳುವವನು. ನಗಿಸುವವನು.

"ಸೇದ್ತೀರಾ?" ಅಂದಳು ಉಷಾ.

"ದಿನಕ್ಕೆ ಎರಡು ಕಟ್ಟು ಮೇಡಂ. ಹೆಂಡ್ತಿ ತವರಿಗೆ ಹೋದ್ರೆ ಮೂರು."

"ಎಷ್ಟು ವರ್ಷದಿಂದ?"

"ಮೀಸೆ ಬರೋಕೆ ಮುಂಚೆಯಿಂದ. ಹೊಗೆಗೇ ಮೀಸೆ ಹುಟ್ಟಿದ್ದು."

ಸಾಲಿನಲ್ಲಿ ಇದ್ದವರೆಲ್ಲಾ ನಕ್ಕರು. ಆಮೇಲೆ ನನ್ನ ಸರದಿ. ಉಷಾ ಬಾಯಿ ತೆರೆಯುವ ಮೊದಲೇ ರಾಮಾಂಜಿ, "ಪಿಳ್ಳಕ್ಕನ್ನ ಏನ್ ಕೇಳ್ತೀರಿ ಮೇಡಂ, ಅವರ ಯಜಮಾನ್ರು ಭಜನೆ ಮಂದಿ. ಬೀಡಿ ಅಂಗಡಿ ಮುಂದೆ ಹಾದು ಹೋದ್ರೆ ಮನೆಗೆ ಬಂದು ಕಾಲು ತೊಳ್ಕೋತಾರೆ" ಅಂದ.

"ಎಲ್ಲರನ್ನೂ ಕೇಳಲೇಬೇಕು," ಅಂದಳು ಉಷಾ. "ಸೇದ್ತೀರಾ ಅಮ್ಮ?"

"ಥೂ. ಅದೇನಿದ್ರೂ ಗಂಡಸರ ಕೆಲಸ" ಅಂದೆ.

ಬರೆದುಕೊಂಡಳು. ಆ ಹೊತ್ತಿನಲ್ಲಿ ನನ್ನ ಸೊಂಟದ ಎಲೆಅಡಿಕೆ ಚೀಲದಲ್ಲಿ, ವೀಳ್ಯದೆಲೆ ಕೆಳಗೆ, ಐದು ಬೀಡಿ ಇದ್ದವು.

ರಕ್ತ ತೆಗೆಯುವಾಗ ಯಾಕೆ ತಾಯಿ ಇದೆಲ್ಲಾ ಅಂತ ಕೇಳಿದೆ. ಕ್ಯಾನ್ಸರ್ ಬಾರದ ಹಾಗೆ ನೋಡಿಕೊಳ್ಳುವ ಎಂಥದೋ ಒಂದು ನಮ್ಮ ಮೈಯಲ್ಲೇ ಇರುತ್ತದಂತೆ. ಎಂಜೈಮು ಅಂತ ಹೆಸರು ಹೇಳಿದಳು. ಹೊಲ ಕಾಯೋ ಕಾವಲುಗಾರ ಇದ್ದ ಹಾಗೆ ಅಂದಳು. ಬೀಡಿ ಸೇದುವವರ ಮೈಯಲ್ಲಿ ಆ ಕಾವಲುಗಾರ ಹೇಗಿರುತ್ತಾನೆ, ಸೇದದವರ ಮೈಯಲ್ಲಿ ಹೇಗಿರುತ್ತಾನೆ ಅಂತ ಪಕ್ಕಪಕ್ಕ ಇಟ್ಟು ನೋಡಬೇಕಂತೆ. "ಅದಕ್ಕೇ ನಿಮ್ಮಂಥವರು ಬೇಕು ಅಮ್ಮ. ನಿಮ್ಮ ರಕ್ತ ಇಟ್ಟುಕೊಂಡೇ ನಾವು ಬೇರೆಯವರದ್ದನ್ನ ಅಳೆಯೋದು" ಅಂದಳು. ಹತ್ತಿ ಒತ್ತಿ ಹಿಡಿದುಕೊಂಡು ಎದ್ದು ಹೋದೆ. ಹೋಗುತ್ತಾ ಅನ್ನಿಸಿತು, ಹಿಂದಕ್ಕೆ ಹೋಗಿ ಹೇಳಿಬಿಡಲಾ ಅಂತ. ಸಾಲಿನಲ್ಲಿ ಇನ್ನೂ ಹದಿನೈದು ಜನ ಗಂಡಸರು ನಿಂತಿದ್ದರು. ಹೋಗಲಿಲ್ಲ.

ಬೀಡಿ ನನಗೆ ಅಂಟಿದ್ದು ಶಿಡ್ಲಘಟ್ಟದಲ್ಲಿ. ಹದಿಮೂರನೇ ವಯಸ್ಸಿಗೆ ನನ್ನನ್ನು ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹಾಕಿದರು. ಗೂಡು ಕುದಿಯುವ ಬಾಣಲಿ ಮುಂದೆ ಕೂತು, ಬಿಸಿ ನೀರಿಗೆ ಕೈ ಹಾಕಿ ಎಳೆ ಹುಡುಕಿ ಚರಕಕ್ಕೆ ಕೊಡಬೇಕು. ಬೆರಳು ಬೆಂದು ಬಿಳುಚಿಕೊಳ್ಳುತ್ತಿತ್ತು. ಅದನ್ನು ತಡೆಯಬಹುದು. ಗೂಡಿನೊಳಗೆ ಸತ್ತು ಬೆಂದ ಹುಳುವಿನ ನಾತ ತಡೆಯಲು ಆಗುವುದಿಲ್ಲ. ಮೊದಲ ವಾರ ತಿಂದ ಮುದ್ದೆಯೆಲ್ಲಾ ಕಕ್ಕಿದೆ. ಪಕ್ಕದ ಬಾಣಲಿಯಲ್ಲಿ ಅಪ್ಪಲಮ್ಮ ಅಂತ ಒಬ್ಬಳು ಮುದುಕಿ ಇದ್ದಳು, ಆಂಧ್ರದ ಸಮುದ್ರದ ಕಡೆಯವಳು. ಎರಡನೇ ವಾರ ಅವಳು ನನಗೊಂದು ಬೀಡಿ ಹಚ್ಚಿ, ಉರಿಯುವ ತುದಿಯನ್ನು ಬಾಯಿಯೊಳಗೆ ಇಟ್ಟುಕೊಳ್ಳೋದನ್ನ ತೋರಿಸಿಕೊಟ್ಟಳು. ತುಟಿ ಬಿಗಿಯಾಗಿ ಮುಚ್ಚಬೇಕು, ನಾಲಿಗೆ ಕೆಳಗಿಡಬೇಕು, ಬೆಂಕಿ ಮೇಲ್ಗಡೆಗೆ ಇರಬೇಕು. ಹಾಗೆ ಸೇದಿದರೆ ಬಾಣಲಿಯ ಹಬೆಗೆ ಬೀಡಿ ಆರುವುದಿಲ್ಲ, ಒದ್ದೆ ಕೈಯಲ್ಲಿ ಮುಟ್ಟಬೇಕಾಗಿಲ್ಲ. ಮುಖ್ಯವಾಗಿ ಬೂದಿ ನೂಲಿನ ಮೇಲೆ ಬೀಳುವುದಿಲ್ಲ. ನೂಲಿನ ಮೇಲೆ ಒಂದು ಚುಕ್ಕೆ ಬೂದಿ ಕಂಡರೂ ಮಾಲೀಕ ಕೆನ್ನೆಗೆ ಹೊಡೆಯುತ್ತಿದ್ದ.

"ಎವರಿಕೀ ಚೆಪ್ಪಕು ಪಿಲ್ಲಾ," ಅಂದಳು ಅಪ್ಪಲಮ್ಮ. ಯಾರಿಗೂ ಹೇಳಬೇಡ ಹುಡುಗಿ ಅಂತ. ಹೇಳಲಿಲ್ಲ. ಆ ಸಾಲಿನಲ್ಲಿ ಕೂತಿದ್ದ ಅಷ್ಟೂ ಹೆಂಗಸರು ಹಾಗೇ ಸೇದುತ್ತಿದ್ದರು, ಅಷ್ಟೂ ಜನ ಯಾರಿಗೂ ಹೇಳಿರಲಿಲ್ಲ.

ಮದುವೆಯಾಗಿ ಚಿಂತಾಮಣಿಗೆ ಬಂದೆ. ಯಜಮಾನರು ದರ್ಜಿ. ಹುಣ್ಣಿಮೆ ಹುಣ್ಣಿಮೆಗೆ ಕೈವಾರಕ್ಕೆ ಹೋಗಿ ಭಜನೆಯಲ್ಲಿ ಕೂರುವವರು. ಕಾಫಿ ಸಹ ಕುಡಿಯುವುದಿಲ್ಲ. ಒಳ್ಳೆಯವರು. ಒಳ್ಳೆಯವರ ಜೊತೆ ಇರುವ ಕಷ್ಟ ಇದ್ದವರಿಗೇ ಗೊತ್ತು. ನಾನು ಸೌದೆ ಕೊಟ್ಟಿಗೆಯಲ್ಲಿ ಸೇದುತ್ತಿದ್ದೆ. ಬೆಂಕಿ ಬಾಯಿಯೊಳಗೇ ಇರುವುದರಿಂದ ಹೊರಗೆ ಕಿಡಿ ಕಾಣುವುದಿಲ್ಲ, ಹೊಗೆ ಕಡಿಮೆ. ಆಮೇಲೆ ಎಲೆಅಡಿಕೆ ಹಾಕಿಕೊಂಡರೆ ಆಯಿತು. ಮಗಳು ಹುಟ್ಟಿದಳು, ಬೆಳೆದಳು, ಗೌರಿಬಿದನೂರಿಗೆ ಕೊಟ್ಟೆವು. ಅವಳಿಗೂ ಗೊತ್ತಾಗಲಿಲ್ಲ.

ರಕ್ತ ಕೊಟ್ಟು ಒಂದೆರಡು ತಿಂಗಳಿಗೆ ಸಾರು ಉರಿಯಲು ಶುರುವಾಯಿತು. ಅಂಗುಳದ ಬಲಗಡೆ ನಾಲಿಗೆ ಆಡಿಸಿದರೆ ಒಂದು ಕಡೆ ಒರಟು. ಉಪ್ಪುನೀರು ಮುಕ್ಕಳಿಸಿದೆ. ಹೋಗಲಿಲ್ಲ. ಯಜಮಾನರು ಡಾಕ್ಟರ ಶಾಪಿಗೆ ಕರೆದುಕೊಂಡು ಹೋದರು. ಅವರು ನಾಲಿಗೆ ನೋಡಿದರು, ತುಟಿ ನೋಡಿದರು, ಕೆನ್ನೆ ಒಳಗೆ ನೋಡಿದರು. "ಬೀಡಿ, ಹೊಗೆಸೊಪ್ಪು ಏನಾದ್ರೂ ಅಭ್ಯಾಸ ಇದೆಯಾ?" ಅಂದರು.

ನಾನು ಹೇಳುವಷ್ಟರಲ್ಲಿ ಯಜಮಾನರೇ, "ನಮ್ಮನೇಲಿ ಅದರ ವಾಸನೇನೂ ಇಲ್ಲ ಡಾಕ್ಟ್ರೇ. ಎಲೆಅಡಿಕೆ ಒಂದು ಹಾಕ್ಕೋತಾಳೆ, ಅದೂ ಬಿಡು ಅಂತೀನಿ" ಅಂದರು.

"ಹಾಗಾದ್ರೆ ಸುಣ್ಣ ಜಾಸ್ತಿಯಾಗಿರಬೇಕು. ಉಷ್ಣ" ಅಂದರು ಡಾಕ್ಟರು. ಮಾತ್ರೆ ಬರೆದುಕೊಟ್ಟರು. ಮೇಲುಗಡೆ ನೋಡಲೇ ಇಲ್ಲ. ಅವರದೇನು ತಪ್ಪು. ಬೀಡಿ ಸೇದುವವರಿಗೇ ಅಲ್ಲಿ ಆಗುವುದು ಅಪರೂಪವಂತೆ, ಸೇದದವಳಿಗೆ ಅಲ್ಲಿ ಯಾಕೆ ನೋಡುತ್ತಾರೆ. ನಾನು ಕತ್ತು ಎತ್ತಿ ಇಲ್ಲಿ ಅಂತ ಬೆರಳು ಇಟ್ಟು ತೋರಿಸಬಹುದಿತ್ತು. ತೋರಿಸಿದರೆ ಅಲ್ಲಿ ಹೇಗೆ ಸುಟ್ಟಿತು ಅನ್ನುವ ಮಾತು ಬರುತ್ತದೆ. ಮಾತ್ರೆ ನುಂಗಿದೆ. ನಾಲ್ಕು ತಿಂಗಳು ನುಂಗಿದೆ. ಮಧ್ಯೆ ಒಂದು ಹಲ್ಲು ಕೀಳಿಸಿದರು. ಬೀಡಿ ಬಿಡಲಿಲ್ಲ. ಉರಿಗೆ ಬೀಡಿ ಸೇದಿದರೆ ಆ ಕ್ಷಣಕ್ಕೆ ಮರಗಟ್ಟಿದಂತಾಗಿ ಹಿತವಾಗುತ್ತಿತ್ತು.

ಉಷಾ ಎರಡನೇ ಸಲ ರಕ್ತಕ್ಕೆ ಬಂದಾಗ ನಾನು ಅರ್ಧ ಇಳಿದುಹೋಗಿದ್ದೆ. ರಕ್ತ ಕೊಟ್ಟವರಿಗೆಲ್ಲಾ ಬಿಸ್ಕತ್ತು ಕೊಟ್ಟರು. ನಾನು ಸೆರಗಿಗೆ ಕಟ್ಟಿಕೊಂಡೆ.

"ಯಾಕಮ್ಮ, ತಿನ್ನಿ."

"ಆಮೇಲೆ ತಿಂತೀನಿ."

"ಈಗಲೇ ತಿನ್ನಬೇಕು, ತಲೆ ಸುತ್ತುತ್ತೆ."

ಬಾಯಿಗೆ ಇಟ್ಟುಕೊಂಡೆ. ಕಣ್ಣಲ್ಲಿ ನೀರು ಬಂತು. ಅವಳು ನನ್ನ ಕೈ ಹಿಡಿದುಕೊಂಡು ಲ್ಯಾಬಿನ ಸ್ಟೋರ್ ರೂಮಿಗೆ ಕರೆದುಕೊಂಡು ಹೋದಳು. ಸ್ಟೂಲಿನ ಮೇಲೆ ಕೂರಿಸಿ, "ತಲೆ ಹಿಂದಕ್ಕೆ ಬಾಗಿಸಿ" ಅಂದು ಬ್ಯಾಟರಿ ಬಿಟ್ಟಳು. ಬಹಳ ಹೊತ್ತು ಬ್ಯಾಟರಿ ಆರಿಸಲಿಲ್ಲ.

"ಅಮ್ಮ, ಇಲ್ಲಿ ಯಾರೂ ಇಲ್ಲ. ನಿಜ ಹೇಳಿ. ನೀವು ಏನಾದರೂ ಸೇದ್ತೀರಾ?"

"ಇಲ್ಲ" ಅಂದೆ.

ಯಾರೂ ಇಲ್ಲದ ಕಡೆ ಯಾಕೆ ಸುಳ್ಳು ಹೇಳಿದೆ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ನೀವು ಅಂತ ಕರೆಯುವವಳ ಮುಂದೆ ಕಡಿಮೆಯಾಗಲು ಮನಸ್ಸಾಗಲಿಲ್ಲವೋ ಏನೋ. ಅವಳು ಚೀಟಿ ಬರೆದುಕೊಟ್ಟು, ನಾಳೆಯೇ ಬೆಂಗಳೂರಿಗೆ ಹೋಗಬೇಕು, ನಾಡಿದ್ದಲ್ಲ ಅಂದಳು.

ಬೆಂಗಳೂರಿನ ಆಸ್ಪತ್ರೆ ವರಾಂಡದಲ್ಲಿ ಕಾಯುವವರ ಬೆಂಚು ಎಷ್ಟು ಉದ್ದ ಇತ್ತು ಅಂದರೆ, ಈ ತುದಿಯಲ್ಲಿ ಕೂತವಳಿಗೆ ಆ ತುದಿಯಲ್ಲಿ ಅಳುವವರು ಯಾರು ಅಂತ ಕಾಣುತ್ತಿರಲಿಲ್ಲ. ಬೆಳಗ್ಗೆ ಆರಕ್ಕೆ ಚೀಟಿ ಇಟ್ಟರೆ ಮಧ್ಯಾಹ್ನ ಎರಡಕ್ಕೆ ಹೆಸರು ಕೂಗುವರು. ಯಜಮಾನರು ಪಕ್ಕದಲ್ಲಿ ಕೂತು ಜಪ ಮಾಡುತ್ತಿದ್ದರು. ನನಗೆ ಬೀಡಿಯದೇ ಯೋಚನೆ. ಬಾಯಿಯಿಂದ ಒಂದು ತುಂಡು ಕಿತ್ತು ಪರೀಕ್ಷೆಗೆ ಕಳಿಸಿದರು. ಎಂಟು ದಿನ ಬಿಟ್ಟು ಬನ್ನಿ ಅಂದರು. ಆ ಎಂಟು ದಿನ ಯಜಮಾನರು ನನ್ನ ಹತ್ತಿರ ಮನೆಗೆಲಸ ಮಾಡಿಸಲಿಲ್ಲ. ನನಗೆ ಮಾಡಲು ಏನೂ ಇಲ್ಲದೆ ಸೌದೆ ಕೊಟ್ಟಿಗೆಗೆ ಇನ್ನೂ ನಾಲ್ಕು ಸಲ ಹೆಚ್ಚಾಗಿ ಹೋದೆ.

ಒಂಬತ್ತನೇ ದಿನ ಡಾಕ್ಟರು ಯಜಮಾನರ ಮುಖ ನೋಡಿಕೊಂಡು ಹೇಳಿದರು. ಯಾರ ಬಾಯಿಯೋ ಅವರ ಮುಖ ನೋಡಲಿಲ್ಲ. ಅಂಗುಳದ ಅರ್ಧ, ಮೇಲಿನ ನಾಲ್ಕು ಹಲ್ಲು ತೆಗೆಯಬೇಕು, ಆಮೇಲೆ ಕರೆಂಟು, ಅದೇ ರೇಡಿಯೇಷನ್ನು, ಕೊಡಬೇಕು ಅಂದರು. ಯಜಮಾನರು ಅತ್ತರು. ನಾನು ಅಳಲಿಲ್ಲ. ಧೈರ್ಯ ಅಂತಲ್ಲ. ಎಲ್ಲರೂ ಯಾಕೆ ಯಾಕೆ ಅಂತಿದ್ದರು, ನನಗೊಬ್ಬಳಿಗೇ ಯಾಕೆ ಅಂತ ಗೊತ್ತಿತ್ತು. ಹಾಗೆ ಗೊತ್ತಿದ್ದವಳು ಯಾರ ಜೊತೆ ಕೂತು ಅಳುತ್ತಾಳೆ?

ವಾರ್ಡಿನಲ್ಲಿ ದೊಡ್ಡ ಡಾಕ್ಟರು ಕಲಿಯುವ ಹುಡುಗರನ್ನು ಹಿಂದೆ ಹಾಕಿಕೊಂಡು ಬಂದರು. ನನ್ನ ಬಾಯಿ ತೆಗೆಸಿ ಅವರಿಗೆಲ್ಲಾ ತೋರಿಸಿದರು. "ಈ ಹೆಂಗಸಿಗೆ ಬೀಡಿ, ಹೊಗೆಸೊಪ್ಪು ಯಾವ ಚಟಾನೂ ಇಲ್ಲ. ನೆನಪಿಟ್ಟುಕೊಳ್ಳಿ" ಅಂದರು. ಹುಡುಗರು ಬರೆದುಕೊಂಡರು. ಆ ಪುಸ್ತಕಗಳೆಲ್ಲಾ ಈಗ ಯಾವ ಯಾವ ಊರಿನ ಆಸ್ಪತ್ರೆಗೆ ಹೋಗಿ ಕೂತಿವೆಯೋ.

ಆಪರೇಷನ್ನಿನ ಹಿಂದಿನ ದಿನ ಬಚ್ಚಲಿಗೆ ಹೋಗಿ ಒಂದು ಸೇದಿದೆ. ಕೊನೆಯದು ಅಂತ ಅಂದುಕೊಂಡೇನೂ ಸೇದಲಿಲ್ಲ, ಇತ್ತು, ಸೇದಿದೆ. ಹೊರಗೆ ಬಂದರೆ ಪಕ್ಕದ ಮಂಚದ ಬೂಬಮ್ಮ ಬಾಗಿಲಲ್ಲೇ ನಿಂತಿದ್ದಳು. ಗೌರಿಬಿದನೂರಿನ ಕಡೆಯ ಸಾಬರ ಹೆಂಗಸು. ಕುತ್ತಿಗೆಗೆ ಪಟ್ಟಿ ಸುತ್ತಿದ್ದರು, ಮಾತು ಗಾಳಿಯಂತೆ ಬರುತ್ತಿತ್ತು.

"ಬೀಡಿ ಸೇದಿದೆ ನೀನು" ಅಂದಳು.

"ಇಲ್ಲಮ್ಮ. ಯಾರೋ ಮುಂಚೆ ಹೋಗಿದ್ರು."

"ಅರೇ, ಮೂವತ್ತು ವರ್ಷ ಮನೇಲಿ ಕೂತು ಬೀಡಿ ಕಟ್ಟಿದೀನಿ ನಾನು. ವಾಸ್ನೆ ನೋಡಿ ಸೊಪ್ಪು ಹೊಸದಾ ಹಳೇದಾ ಹೇಳ್ತೀನಿ. ನನ್ಗೇ ಟೋಪಿ ಹಾಕ್ತೀಯಾ?"

ನಗು ಬಂತು. ಎಷ್ಟೋ ತಿಂಗಳಿಗೆ ನಗು ಬಂತು. ಇಬ್ಬರೂ ಗೋಡೆಗೆ ಒರಗಿಕೊಂಡು ನಕ್ಕೆವು, ಅವಳದು ಶಬ್ದವಿಲ್ಲದ ನಗು. ಆಮೇಲೆ ಅವಳಿಗೆ ಎಲ್ಲಾ ಹೇಳಿದೆ. ಬಾಣಲಿ, ಅಪ್ಪಲಮ್ಮ, ಬೆಂಕಿ ಒಳಗಿಟ್ಟು ಸೇದುವುದು. ನನ್ನ ಜೀವನದಲ್ಲಿ ನಾನು ಅದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಆಸ್ಪತ್ರೆ ಬಚ್ಚಲಿನ ಬಾಗಿಲಲ್ಲಿ. ಅದೂ ಬಾಯಿ ಕೊಯ್ಯುವ ಹಿಂದಿನ ದಿನ.

"ಡಾಕ್ಟರ್‌ಗೆ ಹೇಳು" ಅಂದಳು.

"ಯಜಮಾನರಿಗೆ ಗೊತ್ತಾಗುತ್ತೆ."

"ಗೊತ್ತಾದ್ರೆ?"

"ಮೂವತ್ತು ವರ್ಷ ಸುಳ್ಳು ಹೇಳಿದ್ದು ಗೊತ್ತಾಗುತ್ತೆ."

"ನಾನು ಯಾರ್ಗೂ ಹೇಳಲ್ಲ. ಆದ್ರೆ ನೀನು ಹೇಳ್ಬೇಕು" ಅಂದಳು. ಆಪರೇಷನ್ ಮುಗಿದು ನಾನು ಕಣ್ಣು ಬಿಡುವಷ್ಟರಲ್ಲಿ ಅವಳನ್ನು ಬೇರೆ ವಾರ್ಡಿಗೆ ಹಾಕಿದ್ದರು. ಮತ್ತೆ ನೋಡಲಿಲ್ಲ. ಇದ್ದಾಳೋ ಇಲ್ಲವೋ ಗೊತ್ತಿಲ್ಲ.

ಆಪರೇಷನ್ ಆದ ಮೇಲೆ ಮೂಗಿಗೆ ನಳಿಗೆ ಹಾಕಿದರು. ಅದರಲ್ಲೇ ಹಾಲು, ಗಂಜಿ. ಬೀಡಿ ಬಿಟ್ಟದ್ದು ನಾನಲ್ಲ, ನಳಿಗೆ ಬಿಡಿಸಿತು. ಉಷಾ ಒಂದು ದಿನ ನೋಡಲು ಬಂದಳು. ಮಂಚದ ಅಂಚಿಗೆ ಕೂತು ನನ್ನ ತಲೆಗೂದಲ ಸಿಕ್ಕು ಬಿಡಿಸಿದಳು. ಮಗಳು ಮಾಡದ ಕೆಲಸ. ಮಗಳು ಬಂದು ಬಾಗಿಲಲ್ಲಿ ನಿಂತು ಹೋಗಿದ್ದಳು, ಬಸುರಿ, ಅಂಟುತ್ತೆ ಅಂತ ಅವಳತ್ತೆ ಹೇಳಿ ಕಳಿಸಿದ್ದಳಂತೆ. ಉಷಾ ಅಂದಳು, "ಸೇದದವರ ಪಟ್ಟಿಯಲ್ಲಿ ನಿಮಗೆ ಹೀಗಾಯ್ತಲ್ಲ ಅಮ್ಮ, ಯಾಕೆ ಅಂತ ನಾವೆಲ್ಲಾ ತಲೆ ಕೆಡಿಸಿಕೊಂಡಿದ್ದೀವಿ." ಮಾತಾಡಲು ಆಗದಂತೆ ಬಾಯಿ ತುಂಬ ಬಟ್ಟೆ ತುರುಕಿದ್ದರು. ಅವತ್ತು ಅದು ನನಗೆ ಅನುಕೂಲವೇ ಆಯಿತು.

ಮನೆಗೆ ಬಂದೆ. ಅಂಗುಳ ಇದ್ದ ಕಡೆ ತೂತು. ಕುಡಿದ ನೀರು ಮೂಗಲ್ಲಿ ಬರುತ್ತಿತ್ತು, ಆಡಿದ ಮಾತು ಮೂಗಲ್ಲಿ ಹೋಗುತ್ತಿತ್ತು. ತೂತು ಮುಚ್ಚಲು ಅಚ್ಚು ತೆಗೆದು ಒಂದು ಪ್ಲೇಟು ಮಾಡಿಕೊಟ್ಟರು, ಹಲ್ಲು ಸೆಟ್ಟಿನ ಥರ. ಅದು ಹಾಕಿಕೊಂಡರೆ ಮಾತು ತಿಳಿಯುತ್ತದೆ, ತೆಗೆದರೆ ನಾಯಿ ಗುರುಗುಟ್ಟಿದ ಹಾಗೆ. ಕರೆಂಟು ಕೊಟ್ಟ ಮೇಲೆ ಎಂಜಲು ಬತ್ತಿಹೋಯಿತು. ಪಕ್ಕದ ಮನೆಯವಳು ಪಾಯಸ ತಂದುಕೊಟ್ಟು ಬಟ್ಟಲು ವಾಪಸ್ಸು ಬೇಡ ಅಂದಳು. ಅಂಥದ್ದಕ್ಕೆಲ್ಲಾ ನಾನು ಬೇಜಾರು ಮಾಡಿಕೊಳ್ಳುವವಳಲ್ಲ. ಬಟ್ಟಲು ಚೆನ್ನಾಗಿತ್ತು, ಇಟ್ಟುಕೊಂಡೆ.

ಬೇಜಾರಾದದ್ದು ಯಜಮಾನರು ಚೆನ್ನಾಗಿ ನೋಡಿಕೊಂಡದ್ದಕ್ಕೆ. ರಾಗಿ ಹಾಲು ತೆಗೆದು, ಸೋಸಿ, ಆರಿಸಿ ಚಮಚದಲ್ಲಿ ಕುಡಿಸುತ್ತಿದ್ದರು. ಪ್ಲೇಟು ತೊಳೆದುಕೊಡುತ್ತಿದ್ದರು. ಭಜನೆಯವರು ಬಂದರೆ, "ಒಂದು ಚಟ ಇಲ್ಲ, ಒಂದು ಕೆಟ್ಟ ಮಾತಿಲ್ಲ. ಇಂಥವಳಿಗೆ ಈ ಖಾಯಿಲೆ ಕೊಟ್ಟ ನೋಡಿ ಆ ಸ್ವಾಮಿ" ಅನ್ನುತ್ತಿದ್ದರು. ಅವರು, "ಒಳ್ಳೆಯವರನ್ನೇ ಅಲ್ಲವೇ ಪರೀಕ್ಷೆ ಮಾಡೋದು" ಅಂತ ನನಗೆ ಕೈ ಮುಗಿಯುತ್ತಿದ್ದರು. ನಾನು ಕಂಬಳಿ ಮುಸುಕೆಳೆದುಕೊಂಡು ಗೋಡೆ ಕಡೆ ತಿರುಗುತ್ತಿದ್ದೆ. ಅವರು ಸೇವೆ ಮಾಡುತ್ತಿದ್ದದ್ದು ಬೇರೆ ಯಾರೋ ಹೆಂಗಸಿಗೆ. ಆ ಹೆಂಗಸಿನ ಹಾಸಿಗೆಯಲ್ಲಿ ಮಲಗಿಕೊಂಡು, ಅವಳ ಗಂಜಿ ನಾನು ಕುಡಿಯುತ್ತಿದ್ದೆ. ಮನೆ ತುಂಬ ಜನ ಇದ್ದಾಗಲೇ ನನಗೆ ಯಾರೂ ಇಲ್ಲ ಅನ್ನಿಸುತ್ತಿದ್ದದ್ದು.

ಏಳನೇ ತಿಂಗಳಿಗೆ ಕೆಲಸಕ್ಕೆ ಹೋದೆ. ಗೇಟಿನ ಮುಂದೆ ಟೀ ಅಂಗಡಿಯಲ್ಲಿ ರಾಮಾಂಜಿ ಬೀಡಿ ಸೇದುತ್ತಾ ಕೂತಿದ್ದ. ನನಗೆ ಆಶ್ಚರ್ಯ. ರಕ್ತ ತೆಗೆಯುವಾಗ ಉಷಾ ಕ್ಯಾನ್ಸರ್ ವಿಚಾರ ಹೇಳಿದ್ದು ಕೇಳಿ ಹೆದರಿಕೊಂಡು ಅವನು ಬೀಡಿ ಬಿಟ್ಟಿದ್ದ. ಅವನ ಜೊತೆ ಇನ್ನೂ ಮೂರು ಜನ ಬಿಟ್ಟಿದ್ದರು.

"ಬಿಟ್ಟಿದ್ದೆಯಲ್ಲೋ" ಅಂದೆ.

"ಬಿಟ್ಟಿದ್ದೆ ಪಿಳ್ಳಕ್ಕ. ನಿನ್ನ ನೋಡಿ ಮತ್ತೆ ಹಿಡ್ಕೊಂಡೆ."

"ನನ್ನ ನೋಡಿಯಾ?"

"ಮತ್ತೆ? ಒಂದು ಬೀಡಿ ಮುಟ್ಟಿದವಳಲ್ಲ ನೀನು, ನಿನ್ನ ಬಾಯೇ ಹೋಯ್ತು. ನಾನು ಎರಡು ಕಟ್ಟು ಸೇದೋನು, ಗುಂಡುಕಲ್ಲಂಗೆ ಇದೀನಿ. ಅಂದ್ಮೇಲೆ ಬೀಡೀಲೇನಿದೆ? ಎಲ್ಲಾ ಹಣೆಬರಹ. ಆ ಮೇಡಮ್ಮನ್ನೂ ಕೇಳ್ದೆ, ಅವರ ಹತ್ರಾನೂ ಉತ್ತರ ಇಲ್ಲ."

ಪಕ್ಕದಲ್ಲಿ ಕೂತಿದ್ದವರು ಹೌದು ಹೌದು ಅಂದರು. ಆ ಮೂವರ ಬಾಯಲ್ಲೂ ಬೀಡಿ ಇತ್ತು. ರಾಮಾಂಜಿ ಕೆಮ್ಮಿದ. ಟವೆಲ್ಲು ಬಾಯಿಗೆ ಒತ್ತಿಕೊಂಡು ಕೆಮ್ಮಿ, ಟವೆಲ್ಲು ನೋಡಿ, ಬೇಗ ಮಡಿಸಿದ.

"ಏನೋ ಅದು?"

"ಎಲೆಅಡಿಕೆ, ಪಿಳ್ಳಕ್ಕ."

ಅವನು ಎಲೆಅಡಿಕೆ ಹಾಕುವವನೇ ಅಲ್ಲ. ಸುಳ್ಳು ಹೇಳುವಾಗ ಮುಖ ಹೇಗೆ ಆಚೆ ತಿರುಗುತ್ತದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಅವತ್ತೆಲ್ಲಾ ಕಸ ಗುಡಿಸಿದ ಕಡೆಯೇ ಗುಡಿಸಿದೆ. ನನ್ನ ಬಾಯಿ ನನ್ನದು, ಸುಟ್ಟುಕೊಂಡೆ, ಅನುಭವಿಸಿದೆ. ನಾಲ್ಕು ಜನಕ್ಕೆ ನಾನೇ ಬೀಡಿ ಹಚ್ಚಿಕೊಟ್ಟ ಹಾಗಾಯಿತಲ್ಲ ಅಂತ ಆಗಿತ್ತು. ಹೇಳಬೇಕು ಅಂತ ಆಗಲೇ ತೀರ್ಮಾನ ಮಾಡಿದೆ. ಆದರೆ ಟೀ ಅಂಗಡಿಯಲ್ಲಿ ಆಡಿದ ಮಾತು ಸಂಜೆಗೆ ಮೊದಲೇ ಯಜಮಾನರ ಹೊಲಿಗೆ ಮಿಷನ್ನಿನ ಹತ್ತಿರ ಇರುತ್ತದೆ. ಅವರು ಬೇರೆಯವರಿಂದ ಕೇಳಬಾರದು.

ದೀಪ ಹಚ್ಚುವ ಹೊತ್ತಿಗೆ ಅವರು ಬಂದರು. ಕಾಲು ತೊಳೆದುಕೊಂಡು ಕೂತರು. ನಾನು ಎದುರಿಗೆ ಕೂತೆ.

"ನಾನು ಬೀಡಿ ಸೇದ್ತಿದ್ದೆ" ಅಂದೆ.

ಪ್ಲೇಟು ಸರಿಯಾಗಿ ಕೂತಿಲ್ಲ, ಮಾತು ತಪ್ಪಿದೆ ಅಂದುಕೊಂಡರು. "ಏನಂದೆ? ಪ್ಲೇಟು ಒತ್ತಿಕೋ" ಅಂದರು.

ಒತ್ತಿಕೊಂಡು ಮತ್ತೆ ಹೇಳಿದೆ. "ಬೀಡಿ. ಹದಿಮೂರನೇ ವಯಸ್ಸಿಂದ. ಬೆಂಕಿ ಒಳಗಿಟ್ಟುಕೊಂಡು. ಅದಕ್ಕೇ ಹೀಗಾಗಿದ್ದು."

ಎದ್ದು ಹೋಗಿ ಬೀದಿ ಬಾಗಿಲು ಹಾಕಿಕೊಂಡು ಬಂದು ಕೂತರು.

"ಎಲ್ಲಿ ಸೇದ್ತಿದ್ದೆ?"

"ಸೌದೆ ಕೊಟ್ಟಿಗೇಲಿ."

"ದೇವರ ಮನೆ ಗೋಡೆ ಆಚೆನಾ?"

"ಹೂಂ."

"ನಾನು ಪೂಜೆಗೆ ಕೂತಾಗ?"

"ಆಗಲೇ. ನೀವು ಏಳೋದಿಲ್ಲ ಅಂತ ಗೊತ್ತಿರ್ತಿತ್ತು."

ಎದ್ದರು. ಹೊಡೆಯುವವರಲ್ಲ, ಹೊಡೆಯಲಿಲ್ಲ. ಹಾಸಿಗೆ ಸುತ್ತಿಕೊಂಡು ಅಂಗಡಿಗೆ ಹೋದರು. ಮೂರು ತಿಂಗಳು ಅಲ್ಲೇ ಮಲಗಿದರು. ಆಮೇಲೆ ವಾಪಸ್ಸು ಬಂದರು, ನಾನು ಮಾಡಿದ್ದು ಉಂಡರು, ಸಾಯುವವರೆಗೂ ಚೆನ್ನಾಗೇ ಇದ್ದರು. ನನ್ನ ಪ್ಲೇಟು ಮಾತ್ರ ಮತ್ತೆ ತೊಳೆದುಕೊಡಲಿಲ್ಲ. ನಾನೂ ಕೇಳಲಿಲ್ಲ. ಅವತ್ತು ಅವರು ಹೋದ ಮೇಲೆ ಗಂಜಿ ನಾನೇ ಕಾಯಿಸಿಕೊಂಡು ಕುಡಿದೆ. ನನ್ನ ಗಂಜಿ ನಾನು ಕುಡಿದೆ, ಅಷ್ಟು ದಿನಕ್ಕೆ.

ಬೆಳಗ್ಗೆ ಎದ್ದು ಪೋಸ್ಟಾಫೀಸಿನ ಹತ್ತಿರದ ಅಂಗಡಿಯಲ್ಲಿ ಒಂದು ಕಾರ್ಡು ತೆಗೆದುಕೊಂಡು ಮೊದಲನೇ ಬಸ್ಸಿಗೆ ಹೋದೆ. ರಾಮಾಂಜಿ ಟೀ ಅಂಗಡಿಯಲ್ಲಿ ಇದ್ದ. ಆ ಮೂವರೂ ಇದ್ದರು, ಇನ್ನೂ ಏಳೆಂಟು ಜನ ಇದ್ದರು. ನಾನು ಅವನ ಮುಂದೆ ನಿಂತು, ಬಾಯಿಗೆ ಕೈ ಹಾಕಿ ಪ್ಲೇಟು ತೆಗೆದು, ಬಗ್ಗಿ ಬಾಯಿ ತೆರೆದು ತೋರಿಸಿದೆ. ಅವನು ಅಯ್ಯೋ ಅಂತ ಹಿಂದಕ್ಕೆ ಸರಿದ. ಪ್ಲೇಟು ಹಾಕಿಕೊಂಡೆ.

"ಮೂವತ್ತೆಂಟು ವರ್ಷ ಬೀಡಿ ಸೇದಿದೀನಿ ಕಣೋ. ನಿನಗಿಂತ ಜಾಸ್ತಿ. ಹಣೆಬರಹ ಅಲ್ಲ, ಇದು ಬೀಡಿ."

ಟೀ ಕುಡಿಯುವವರೆಲ್ಲಾ ನನ್ನನ್ನೇ ನೋಡುತ್ತಿದ್ದರು. ಯಾರೋ ಒಬ್ಬ ನಕ್ಕ. ಯಾರೋ ಥೂ ಅಂದ. ರಾಮಾಂಜಿ ನಗಲಿಲ್ಲ.

"ಆ ಮೇಡಮ್ಮನ ವಿಳಾಸ ಗೊತ್ತಲ್ಲ ನಿನಗೆ, ಬರಿ" ಅಂದು ಕಾರ್ಡು ಅವನ ತೊಡೆ ಮೇಲೆ ಇಟ್ಟೆ.

"ಏನಂತ ಬರೀಲಿ ಪಿಳ್ಳಕ್ಕ?"

"ಉಷಾ ಮೇಡಮ್ಮನವರಿಗೆ ಆಯಾ ಪಿಳ್ಳಮ್ಮನ ನಮಸ್ಕಾರ. ನಾನು ಸೇದುತ್ತಿದ್ದೆ. ನನ್ನ ರಕ್ತ ಇಟ್ಟುಕೊಂಡು ಯಾರನ್ನೂ ಅಳೆಯಬೇಡಿ. ಅಷ್ಟು ಬರಿ. ಕೆಳಗೆ, ರಾಮಾಂಜಿಗೆ ಕೆಮ್ಮಿದರೆ ರಕ್ತ ಬೀಳುತ್ತಿದೆ, ನನಗೆ ಕೊಟ್ಟ ಹಾಗೆ ಅವನಿಗೂ ಒಂದು ಚೀಟಿ ಕೊಡಿ ಅಂತ ಬರಿ."

ಅವನ ಪೆನ್ನು ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದ.

"ಬರಿಯೋ" ಅಂದೆ.

ಬರೆದ. ನನಗಾಗ ರುಜು ಬರುತ್ತಿರಲಿಲ್ಲ, ಪೆನ್ನಿನ ಶಾಯಿ ಸವರಿಕೊಂಡು ಹೆಬ್ಬೆಟ್ಟು ಒತ್ತಿದೆ. ಕಾರ್ಡು ಅವನ ಕೈಯಲ್ಲಿ ಬಿಡದೆ ನಾನೇ ತೆಗೆದುಕೊಂಡು ಹೋಗಿ ಡಬ್ಬಕ್ಕೆ ಹಾಕಿದೆ.